ಸಮುದ್ರಪ್ಪನಿಗೆ ಕಟ್ಟಿದ ಎರಡು ಗಂಟು

ಕಂಪ್ಲಿ ಪೇಟೆಯಲ್ಲಿ ಸುಳ್ಳು ಹೇಳದ ವ್ಯಾಪಾರಿ ಎಂದರೆ ನಾನೊಬ್ಬನೇ. ನಾನು ಹೇಳುವುದೆಲ್ಲ ಸತ್ಯ, ಸ್ವಲ್ಪ ಹಿಗ್ಗಿರುತ್ತದೆ, ಅಷ್ಟೆ. ನನ್ನದು ಪೈಪು-ಪಂಪಿನ ಅಂಗಡಿ. ಬಿಸಿಲು ತಾಕಿದರೆ ಪೈಪೂ ಹಿಗ್ಗುತ್ತದೆ. ಹಾಗೆಂದು ಯಾರೂ ಅದನ್ನು ಸುಳ್ಳು ಪೈಪು ಎನ್ನುವುದಿಲ್ಲ.

ಆ ವರ್ಷ ನಾನು ಮಾರಿದ ಪೈಪುಗಳನ್ನು ಒಂದಕ್ಕೊಂದು ಜೋಡಿಸಿದ್ದರೆ ಕಂಪ್ಲಿಯಿಂದ ಕಾಶಿಗೆ ಹೋಗಿ, ಸ್ನಾನ ಮಾಡಿ, ವಾಪಸು ಬರಬಹುದಿತ್ತು. ಕಂಪನಿಯವರು ಮೆಚ್ಚಿ, ಇಂಥ ಮೂವತ್ತು ಜನ ಡೀಲರುಗಳನ್ನು ಹೆಂಡಂದಿರ ಸಮೇತ ಗ್ರೀಸ್ ದೇಶಕ್ಕೆ ಕರೆದೊಯ್ಯುತ್ತೇವೆ ಎಂದು ಬಣ್ಣದ ಕಾಗದ ಕಳಿಸಿದರು. ಅದರಲ್ಲಿ ನಾಲ್ಕನೆಯ ದಿನದ ಎದುರು ಹೀಗೆ ಬರೆದಿತ್ತು: ‘ಸಾಯಂಕಾಲ, ಕಡಲ ತೀರದ ಪುರಾತನ ದೇವಸ್ಥಾನದಲ್ಲಿ ಸೂರ್ಯಾಸ್ತ.’ ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೇನೋ ಇತ್ತು. ಓದಲಿಲ್ಲ. ಸಣ್ಣಕ್ಷರ ಇರುವುದು ಕೊಳ್ಳುವವರು ಓದಲಿಕ್ಕೆ, ನಾನು ಮಾರುವವನು.

ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಂಚಣ್ಣನ ಹೋಟೆಲಿಗೆ ಹೋಗಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ಹೇಳಿ ಕುಳಿತೆ. ಕೆಂಚಣ್ಣ ಬಾಣಲೆಯಿಂದ ಮೆಣಸಿನಕಾಯಿ ತೆಗೆಯುತ್ತಲೇ ಕೇಳಿದ:

“ಎಷ್ಟು ಹಳೇ ಗುಡಿರೀ ಅದು?”

“ಎರಡೂವರಿ ಸಾವಿರ ವರ್ಷ. ಅದರ ಮುಂದ ನಮ್ಮ ಹಂಪಿ ಮೊನ್ನೆ ಹುಟ್ಟಿದ ಕೂಸು.”

“ಕಂಬ ಎಷ್ಟು?”

“ಸಾವಿರ.”

“ದೇವರು?”

“ಪೊಸೈಡನ್ ಅಂತ. ಜಗತ್ತಿನಾಗ ಎಷ್ಟು ಸಮುದ್ರ ಅದಾವೋ ಎಲ್ಲಾದಕ್ಕೂ ಅವನಽ ಮಾಲಕ.”

“ಹಂಗಂದ್ರ ಸಮುದ್ರಪ್ಪ ಅನ್ರಿ,” ಎಂದು ಕೆಂಚಣ್ಣ ದೇವರಿಗೆ ನಾಮಕರಣ ಮಾಡಿಯೇಬಿಟ್ಟ. “ಜಾಗೃತ ಸ್ಥಾನ ಏನ್ರಿ?”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಮಿರ್ಚಿ ಬಾಯಲ್ಲಿತ್ತು, ಅದೇ ನೆಪವಾಗಿ ಸುಮ್ಮನಿರಬಹುದಿತ್ತು. ಆದರೆ ಸುತ್ತ ಹನ್ನೆರಡು ಜನ, ಹಿಗ್ಗಿಸಿ ಹೇಳುವುದಾದರೆ ನೂರಿಪ್ಪತ್ತು ಜನ, ನನ್ನ ಬಾಯನ್ನೇ ನೋಡುತ್ತಿದ್ದರು.

“ಭಾಳ ಜಾಗೃತ. ಕೇಳಿದ್ದಕ್ಕ ಉತ್ತರ ಕೊಡದ ಕಳಿಸಿದ್ದೇ ಇಲ್ಲ.”

ಈ ಒಂದು ಮಾತು ನನ್ನನ್ನು ಏಳು ಸಮುದ್ರದ ನೀರು ಕುಡಿಸಿತು.

ನಮ್ಮ ಕಡೆ ಯಾರಾದರೂ ಯಾತ್ರೆಗೆ ಹೊರಟರೆ ಅವನೊಬ್ಬನೇ ಹೋಗುವುದಿಲ್ಲ. ಓಣಿಯ ಹರಕೆಗಳೆಲ್ಲ ಅವನ ಚೀಲದಲ್ಲಿ ಕೂತು ಹೋಗುತ್ತವೆ. ನಾನು ಹೊರಟದ್ದು ಕಂಪನಿಯ ಟೂರಿಗೆ. ಆದರೆ ಮಾರನೆಯ ದಿನ ಬಾಗಿಲು ತೆಗೆಯುವಷ್ಟರಲ್ಲಿ ಅದು ಯಾತ್ರೆಯಾಗಿತ್ತು. ಫ್ಲೆಕ್ಸ್ ಅಂಗಡಿಯ ಹಂಪೇಶ್ ಸರ್ಕಲ್ಲಿನಲ್ಲಿ ಬ್ಯಾನರು ಕಟ್ಟಿಸಿದ್ದ: ‘ಸಮುದ್ರಪ್ಪನ ದರ್ಶನಕ್ಕೆ ಹೊರಟ ಅಂದಾನಪ್ಪನವರಿಗೆ ಶುಭ ಪ್ರಯಾಣ.’ ಸಮುದ್ರಪ್ಪನ ಫೋಟೊ ಸಿಗದಿದ್ದಕ್ಕೆ ವಿರೂಪಾಕ್ಷನ ಗೋಪುರವನ್ನೇ ತಂದು ಅಲೆಗಳ ನಡುವೆ ನಿಲ್ಲಿಸಿದ್ದ. ಗೋಪುರದ ಪಕ್ಕದಲ್ಲಿ ನಾನು, ತಲೆಯ ಹಿಂದೆ ಮುಳುಗುವ ಸೂರ್ಯ. ನೋಡಿದವರಿಗೆ ನಾನೇ ಮುಳುಗುತ್ತಿರುವಂತೆ ಕಾಣುತ್ತಿತ್ತು.

ನನ್ನ ತಾಯಿ ಮರುಳಸಿದ್ದಮ್ಮ ಒಂದು ತೆಂಗಿನಕಾಯಿ ತಂದು ಮುಂದಿಟ್ಟಳು.

“ಯವ್ವಾ, ಅದು ನಮ್ಮ ದೇವರಲ್ಲ.”

“ಎರಡೂವರಿ ಸಾವಿರ ವರ್ಷ ಒಬ್ಬನಽ ಸಮುದ್ರದ ದಂಡಿ ಮ್ಯಾಲೆ ಕುಂತಾನ ಅಂತಿ. ಒಂದು ಕಾಯಿ ಒಡದ್ರ ನಿನ್ನ ಗಂಟೇನು ಹೋಗ್ತದ್ಲೇ?”

ಕೆಂಚಣ್ಣ ತೀರ್ಥ ತರಲು ಖಾಲಿ ಬಾಟಲಿ ಕೊಟ್ಟ. ಸೊಂಟನೋವಿನ ಎಲ್ಲಮ್ಮ ಸೊಂಟಕ್ಕೆ ಕಟ್ಟಿಕೊಳ್ಳಲು ಸಮುದ್ರಪ್ಪನ ಮುಂದಿಟ್ಟ ದಾರ ಕೇಳಿದಳು. ನಮ್ಮಾಕೆ ಗಂಗಾಂಬಿಕಾ ಇದನ್ನೆಲ್ಲ ನೋಡುತ್ತ ಒಂದೇ ಮಾತಂದಳು: “ವಿಮಾನ ಮ್ಯಾಲೆ ಏಳ್ತದಂತೀರೇನ್ರಿ?”

ಜಂಬಕ್ಕ ಬಂದದ್ದು ಎಲ್ಲರೂ ಹೋದ ಮೇಲೆ.

ಕೋಟೆ ಕಡೆಯ ಅಂಬಿಗರ ಓಣಿಯವಳು, ಪೇಟೆಯಲ್ಲಿ ಮೀನು ಮಾರುತ್ತಾಳೆ. ನಮ್ಮದು ಮೀನು ಮುಟ್ಟದ ಮನೆ; ಆದರೂ ನಮ್ಮಾಕೆಗೂ ಅವಳಿಗೂ ಇಪ್ಪತ್ತು ವರ್ಷದ ಸ್ನೇಹ. ಬುಟ್ಟಿಯನ್ನು ದೂರ ಬೇವಿನ ಗಿಡದ ಕೆಳಗಿಟ್ಟು, ಕೈ ತೊಳೆದು, ಕಟ್ಟೆಯ ಮೇಲೆ ಕೂಡುತ್ತಾಳೆ. ಅವಳ ಗಂಡ ಜಡೆಪ್ಪ ಹರಿಗೋಲು ಹಾಕುತ್ತಿದ್ದ. ನಾಲ್ಕು ವರ್ಷದ ಹಿಂದೆ ಡ್ಯಾಮಿನ ಗೇಟು ತೆರೆದು ನಮ್ಮ ಸೇತುವೆ ಮುಳುಗಿದಾಗ, ಆಚೆ ದಂಡೆಯಲ್ಲಿ ಸಿಕ್ಕಿಕೊಂಡಿದ್ದ ಕುರಿಗಾರರನ್ನು ತರಲು ಹೋದ. ಕುರಿಗಾರರು ಬಂದರು. ಕುರಿಗಳೂ ಬಂದವು. ಕೊನೆಗೆ ಅವರ ನಾಯಿಯೊಂದು ಅಲ್ಲೇ ಉಳಿದು ಊಳಿಡುತ್ತಿದೆಯೆಂದು ಮತ್ತೆ ಹೋದ. ಮೂರು ದಿನದ ಮೇಲೆ ಹರಿಗೋಲು ಸಿಕ್ಕಿತು, ಬೋರಲಾಗಿ. ನಾಯಿಯೂ ಸಿಕ್ಕಿತು, ಜೀವಂತವಾಗಿ. ಜಡೆಪ್ಪ ಸಿಗಲಿಲ್ಲ.

ಸಿಗಲಿಲ್ಲವಾದ್ದರಿಂದ ಜಂಬಕ್ಕ ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಇವತ್ತಿಗೂ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಓಣಿಯವರು ಎದುರಿಗೆ ಏನೂ ಅನ್ನುವುದಿಲ್ಲ. ಆದರೆ ಮುತ್ತೈದೆಯರಿಗೆ ಉಡಿ ತುಂಬುವ ದಿನ ಅವಳನ್ನು ಕರೆಯಬೇಕೋ ಬಿಡಬೇಕೋ ತಿಳಿಯದೆ, ಕರೆಯುವುದನ್ನೇ ಬಿಟ್ಟಿದ್ದಾರೆ.

ಅವಳು ಸೆರಗಿನಿಂದ ಎರಡು ಸಣ್ಣ ಬಟ್ಟೆಯ ಗಂಟುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಎರಡೂ ಒಂದೇ ಬಟ್ಟೆ, ಒಂದೇ ಗಾತ್ರ.

“ಒಂದರಾಗ ಕುಂಕುಮ ಐತಿ, ಒಂದರಾಗ ವಿಭೂತಿ. ಯಾವುದರಾಗ ಯಾವುದು ಅಂತ ನನಗೂ ತಿಳೀಬಾರದು ಅಂತ ಬ್ಯಾರೇದವರ ಕೈಲೆ ಕಟ್ಟಿಸೀನ್ರಿ. ಎರಡೂ ಸಮುದ್ರಪ್ಪನ ಮುಂದ ಇಡ್ರಿ ಅಣ್ಣಾರ. ಪೂಜಾರಿ ಯಾವುದು ಎತ್ತಿ ಕೊಡ್ತಾನೋ ಅದನ್ನ ನನಗ ತಂದು ಕೊಡ್ರಿ. ಇನ್ನೊಂದು ನೀರಿಗೆ ಬಿಡ್ರಿ.”

ನಮ್ಮ ಕಡೆ ದೇವರ ಅಪ್ಪಣೆ ಕೇಳುವ ಪದ್ಧತಿ ಇದು. ಮದುವೆಗೂ ಕೇಳುತ್ತಾರೆ, ಬೋರ್‌ವೆಲ್ ಕೊರೆಸಲಿಕ್ಕೂ ಕೇಳುತ್ತಾರೆ. ಇಂಥದಕ್ಕೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

“ಜಂಬಕ್ಕ, ನಮ್ಮ ಹೊಳಿ ಕೃಷ್ಣೆಗೆ ಕೂಡಿ ಆಂಧ್ರದ ಕಡಿ ಸಮುದ್ರಕ್ಕ ಹೋಗ್ತದ. ಗ್ರೀಸಿನ ಸಮುದ್ರ ಬ್ಯಾರೆ...”

“ಎಲ್ಲಾ ಸಮುದ್ರಕ್ಕೂ ಅವನಽ ಮಾಲಕ ಅಂತ ಹೋಟೆಲ್‌ನಾಗ ನೀವ ಹೇಳೀರಂತಲ್ಲ?”

ಹೇಳಿದ್ದೆ.

“ಕುಂಕುಮ ಬಂದ್ರ ಎಲ್ಲೋ ಅದಾನ, ದಾರಿ ನೋಡ್ತೀನಿ. ವಿಭೂತಿ ಬಂದ್ರ ಬಳಿ ಇಳಸ್ತೀನಿ. ಯಾವುದು ಬಂದ್ರೂ ಸೈ. ಹೌದು ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ. ಸಾಕಾಗೈತ್ರಿ ನನಗ.”

ನಮ್ಮಾಕೆ ಅವಳ ತೋಳು ಹಿಡಿದಳು. “ಇವರ ಕೈಯಾಗ ಕೊಡ್ತೀಯೇನಽ ಜಂಬಕ್ಕ? ರಾಮಸಾಗರದ ಸುದ್ದಿ ಮರತ್ಯಾ?”

ರಾಮಸಾಗರದ ಸುದ್ದಿ ಇಷ್ಟೇ. ಒಮ್ಮೆ ಅಲ್ಲಿಯ ಎರಡು ಮನೆಗಳಿಗೆ ಎರಡು ಸುದ್ದಿ ಮುಟ್ಟಿಸುವ ಕೆಲಸ ನನಗೆ ಬಿದ್ದಿತ್ತು. ಒಬ್ಬರಿಗೆ ಮಗಳು ಹಡೆದ ಸುದ್ದಿ, ಇನ್ನೊಬ್ಬರಿಗೆ ಬೀಗರ ಮನೆಯ ಅಜ್ಜ ತೀರಿಕೊಂಡ ಸುದ್ದಿ. ನಡುವೆ ಒಂದು ಕಡೆ ಕಬ್ಬಿನ ಹಾಲು ಕುಡಿದೆ. ಅಷ್ಟರಲ್ಲಿ ಸುದ್ದಿಗಳು ತಮ್ಮಷ್ಟಕ್ಕೆ ಮನೆ ಬದಲಿಸಿಕೊಂಡವು. ಬಾಣಂತಿಯ ಬಾಗಿಲಿಗೆ ಎರಡು ಟ್ರ್ಯಾಕ್ಟರ್ ಜನ ಎದೆ ಬಡಿದುಕೊಳ್ಳುತ್ತ ಬಂದಿಳಿದರು. ಹೆಣದ ಮುಂದೆ ಒಬ್ಬರು ತೊಟ್ಟಿಲು ಇಳಿಸಿ ಸಕ್ಕರೆ ಹಂಚಿದರು. ಆಮೇಲೆ ಹನ್ನೊಂದು ವರ್ಷ ನಾನು ರಾಮಸಾಗರದ ದಾರಿ ಹಿಡಿಯಲಿಲ್ಲ.

“ಗೊತ್ತೈತಿ,” ಎಂದಳು ಜಂಬಕ್ಕ. “ಆದ್ರ ಅಷ್ಟು ದೂರ ಹೋಗೋರು ನನಗ ಮತ್ಯಾರು ಸಿಗ್ತಾರವ್ವ?”

ಆ ಸಂಜೆ ಜಡೆಪ್ಪನ ತಮ್ಮ ಉಚ್ಚೆಂಗೆಪ್ಪ ಅಂಗಡಿಗೆ ಬಂದ. ಬೇಡದ ಒಂದು ವಾಲ್ವನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

“ಅಣ್ಣಾರ, ನನ್ನ ಮಗಳು ಲಕ್ಷ್ಮೀಗೆ ಗಂಡು ಗೊತ್ತಾಗಿ ವರ್ಷ ಆತ್ರಿ. ಮನ್ಯಾಗ ಸತ್ತವರ ಕಾರ್ಯ ಮಾಡಲಾರದ ಮದುವಿ ಮಾಡಬ್ಯಾಡ್ರಿ ಅಂತ ಹಿರೇರು ಕುಂತಾರ. ಸತ್ತಾನ ಅನ್ನಾಕ ನಮ್ಮ ಅತ್ತಿಗಿ ಒಲ್ಲಳು. ಗಂಡಿನ ಕಡೇರು ಇನ್ನು ತಡಿಯಂಗಿಲ್ಲ.” ಆಮೇಲೆ ದನಿ ತಗ್ಗಿಸಿದ. “ನೀವು ಬಿಳೀದಽ ತರ್ರಿ.”

“ಅದು ದೇವರು ಕೊಡೂದಪ್ಪಾ.”

“ದೇವರ ಮುಂದ ಕೈ ಚಾಚೋರು ನೀವ ಅಲ್ಲೇನ್ರಿ?”

ಅವನ ಕಣ್ಣಲ್ಲಿ ನೀರಿತ್ತು. ಅಣ್ಣನನ್ನು ಹುಡುಕಿ ಹೊಳೆಯ ದಂಡೆಗುಂಟ ಒಂಬತ್ತು ದಿನ ನಡೆದವನೂ ಅವನೇ.

ಹೀಗೆ ಒಂದು ಹೆಂಗಸಿನ ಬಳೆ, ಒಂದು ಹುಡುಗಿಯ ಮದುವೆ ಎರಡನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾನು ವಿಮಾನ ಹತ್ತಿದೆ. ವಿಮಾನ ಸ್ವಲ್ಪ ಎಡಕ್ಕೆ ವಾಲಿದ್ದು ಆ ಭಾರಕ್ಕೇ ಎಂದು ನನ್ನ ನಂಬಿಕೆ.

ಅಥೆನ್ಸಿನಲ್ಲಿ ಇಳಿದ ಕೂಡಲೇ ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದ. ಜೇಬಿನಿಂದ ಗಂಟು ತೆಗೆಸಿದ. ಬಿಚ್ಚಿದ. ಬಿಳಿ ಪುಡಿ! ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಸೀಟಿ ಊದಿದ, ನಾನೂರು ಪೊಲೀಸರು, ನಮ್ಮಾಕೆಯ ಲೆಕ್ಕದಲ್ಲಿ ನಾಲ್ವರು, ಓಡಿಬಂದರು. ಅವರ ಜೊತೆ ಕೋಣದ ಗಾತ್ರದ ಒಂದು ನಾಯಿ.

ನಾನು ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದೆ: “ಗಾಡ್. ಗಾಡ್ ಪೌಡರ್.” ಅವರಿಗೆ ಅನುಮಾನ ಇಮ್ಮಡಿಯಾಯಿತು. ಆಗ ನಮ್ಮಾಕೆ ಮುಂದೆ ಬಂದು, ಚಿಟಿಕೆ ವಿಭೂತಿ ತೆಗೆದು ನನ್ನ ಹಣೆಗೆ ಮೂರು ಬೆರಳು ಎಳೆದಳು. ಇನ್ನೊಂದು ಗಂಟು ತಾನೇ ಬಿಚ್ಚಿ ತನ್ನ ಹಣೆಗೆ ಕುಂಕುಮ ಇಟ್ಟುಕೊಂಡಳು. ನಾಯಿ ಬಿಳಿ ಗಂಟಿಗೆ ಮೂಗಿಟ್ಟು ದೀರ್ಘವಾಗಿ ಮೂಸಿ, ಆಕಾಶ ನೋಡಿ ಒಮ್ಮೆ ಸೀನಿತು. ಅದರ ಮೂಗಿನ ಮೇಲೆ ವಿಭೂತಿ ನಿಂತ ಚಂದ ಕಂಡು ನಾಲ್ವರೂ ನಕ್ಕರು. ಅಧಿಕಾರಿ ತಪ್ಪಾಯಿತೆಂಬಂತೆ ತಲೆಬಾಗಿ ಎರಡೂ ಗಂಟುಗಳನ್ನು ತಾನೇ ಕಟ್ಟಿಕೊಟ್ಟ. ಜಂಬಕ್ಕನ ಕಡೆಯವರು ಹಾಕಿದ್ದು ಮೀನುಬಲೆಯ ಗಂಟು; ಇವನು ಹಾಕಿದ್ದು ಬೂಟಿನ ಲೇಸಿನ ಗಂಟು. ಅದನ್ನು ನಾನು ಆಗ ಗಮನಿಸಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ರೇಷ್ಮೆ ಅಂಗಿ ತೊಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಹೋಟೆಲಿನ ಕೆಳಗೆ ಬಂದು ನಿಂತೆ. ಟೂರು ನೋಡಿಕೊಳ್ಳುವ ಕಿರಣ್ ಕುಮಾರ್ ನನ್ನನ್ನೂ ಕಾಯಿಯನ್ನೂ ನೋಡಿದ.

“ಸರ್, ಆ ಗುಡಿ ಪ್ರೋಗ್ರಾಂ ಬೇಕಾದವರಿಗೆ ಮಾತ್ರ ಅಂತ ಕೆಳಗೆ ಬರೆದಿತ್ತಲ್ಲ? ಯಾರೂ ಹೆಸರು ಕೊಡಲಿಲ್ಲ. ಎಲ್ಲರೂ ಶಾಪಿಂಗ್ ಹೋಗ್ತಿದಾರೆ. ನೀವೂ ಬನ್ನಿ. ಗುಡಿ ಏನು ಸರ್, ಮೊಬೈಲ್‌ನಲ್ಲಿ ತೋರಿಸ್ತೀನಿ.”

ಇರುವೆ ಸಾಲಿನ ಅಕ್ಷರಗಳು ಈಗ ಕಚ್ಚಿದವು. ನಾನು ಗುಡಿಗೆ ಹೋಗದೆ ಕಂಪ್ಲಿಗೆ ಹೋಗುವುದು ಹೇಗೆ? ತಾಯಿಯ ಕಾಯಿಗೆ ಏನಾದರೂ ಹೇಳಬಹುದು. ಕೆಂಚಣ್ಣನ ಬಾಟಲಿಗೆ ನಲ್ಲಿ ನೀರು, ಚಿಟಿಕೆ ಉಪ್ಪು. ಜೇಬಿನ ಗಂಟುಗಳಿಗೆ?

“ಸಪರೇಟ್ ಕಾರು ತರಿಸು,” ಎಂದೆ. “ನಾವಿಬ್ಬರೇ ಹೋಗ್ತೀವಿ.”

ನಮ್ಮಾಕೆ ನನ್ನನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಆ ನೋಟವನ್ನು ನಾನು ಕಂಡದ್ದು ಅದೇ ಮೊದಲು. ಅದರ ಖುಷಿಗೆ ಕಾಯಿ ಕೈಜಾರಿ ಕಿರಣ್ ಕುಮಾರನ ಕಾಲ ಮೇಲೆ ಬಿತ್ತು.

ಡ್ರೈವರ್ ಥನಾಸಿ ಎಂಬ ಮುದುಕ. ಕಪ್ಪು ಕಾರು, ಬಿಳಿ ಮೀಸೆ. ಅವನ ಇಂಗ್ಲಿಷೂ ನನ್ನದೂ ಒಂದೇ ಮಟ್ಟದ್ದಾದ್ದರಿಂದ ಒಬ್ಬರದು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಒಂದೂಕಾಲು ತಾಸು ಸಮುದ್ರದ ಅಂಚಿಗೇ ದಾರಿ. ಆಮೇಲೆ ಭೂಮಿ ಮುಗಿದೇಹೋಯಿತು. ಅದರ ತುದಿಯಲ್ಲಿ ಒಂದು ಗುಡ್ಡ, ಗುಡ್ಡದ ತಲೆಯ ಮೇಲೆ ಬಿಳಿ ಕಂಬಗಳು.

ಬರೀ ಕಂಬಗಳು. ಚಾವಣಿ ಇಲ್ಲ, ಗರ್ಭಗುಡಿ ಇಲ್ಲ, ಗಂಟೆ ಇಲ್ಲ. ಸಮುದ್ರಪ್ಪನೂ ಇಲ್ಲ.

“ಪೂಜಾರಿ ಎಲ್ಲಿ?” ಎಂದು ಥನಾಸಿಯನ್ನು ಕೇಳಿದೆ.

ಅವನು ಲೆಕ್ಕ ಹಾಕಿ ಹೇಳಿದ: “ನೀವು ಸಾವಿರದಾರುನೂರು ವರ್ಷ ಲೇಟು.”

ನಮ್ಮಾಕೆ ಸೊಂಟಕ್ಕೆ ಕೈಯಿಟ್ಟು ಗುಡ್ಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಹಾಳುಬಿದ್ದ ಕಂಬ ನೋಡಾಕ ಇಷ್ಟು ದೂರ ಬರಬೇಕಿತ್ತೇನ್ರಿ? ಮನಿಯಿಂದ ಹಂಪಿ ಮುಕ್ಕಾಲು ತಾಸು.”

ನಾನು ಕಂಬಗಳನ್ನು ಎಣಿಸಿದೆ. ಎರಡು ಸಲ ಎಣಿಸಿದೆ. ಹದಿನಾರು.

ಸುತ್ತ ಹಗ್ಗ ಕಟ್ಟಿದ್ದರು. ಹಂಪಿಯ ಹೇಮಕೂಟ ಗುಡ್ಡದ ಮೇಲೆ ಸಂಜೆ ಸೇರುವ ಹಾಗೆಯೇ ಜನ ಸೇರಿದ್ದರು. ಅವೇ ಮೊಬೈಲುಗಳು, ಅದೇ ಮೌನ. ನಾನು ಕಾಯಿ ಒಡೆಯಲು ಕಲ್ಲು ಹುಡುಕಿ ಬಾಗಿದ್ದೇ ತಡ, ಕಾವಲಿನ ಹೆಂಗಸು ಸೀಟಿ ಊದಿಕೊಂಡು ಓಡಿಬಂದಳು. ಎರಡೂವರೆ ಸಾವಿರ ವರ್ಷದ ಕಲ್ಲಿಗೆ ಕಾಯಿ ಎತ್ತಿದವನನ್ನು ಅವಳು ಮೊದಲ ಸಲ ನೋಡುತ್ತಿದ್ದಳೆಂದು ಕಾಣುತ್ತದೆ. ಕಾಯಿಯನ್ನು ಅವಳ ಕೈಗೇ ಕೊಟ್ಟುಬಿಟ್ಟೆ. ಅವಳು ಅದನ್ನು ಕೂಸಿನಂತೆ ಎದೆಗವಚಿಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಳು. ಆಗ ನನಗೆ ಹೊಳೆಯಿತು: ಈ ಗುಡಿಯನ್ನು ದಿನವೂ ಕಾಯುವವಳು ಇವಳು. ಇವಳಿಗಿಂತ ಪೂಜಾರಿ ಇನ್ಯಾರು?

ಅವಳನ್ನೂ ಕರೆದುಕೊಂಡು ಗುಡ್ಡದ ಅಂಚಿಗೆ ಹೋಗಿ ನಿಂತೆವು. ಸೂರ್ಯ ನೀರಿಗೆ ಇನ್ನು ಒಂದು ಮೊಳವಿದ್ದ. ನಮ್ಮಾಕೆ ನನ್ನೆದುರಿಗೆ ನಿಂತು ಮೊಬೈಲು ಹಿಡಿದಳು, “ಜಂಬಕ್ಕಗ ತೋರಸಬೇಕು.” ಏಳು ಸಲ ಗಂಟುಗಳನ್ನು ಬೆನ್ನ ಹಿಂದೆ ಅದಲು-ಬದಲು ಮಾಡಿ, ಯಾವುದು ಯಾವುದೆಂದು ನನಗೇ ತಿಳಿಯದಂತಾದ ಮೇಲೆ, ಎರಡೂ ಅಂಗೈಗಳನ್ನು ಕಾವಲಿನವಳ ಮುಂದೆ ಚಾಚಿದೆ.

“ಒಂದು ತಗೊಳ್ಳವ್ವಾ,” ಎಂದೆ. ಕನ್ನಡದಲ್ಲೇ ಅಂದೆ. ಅದನ್ನು ಇಂಗ್ಲಿಷಿನಲ್ಲಿ ಕೇಳಲು ನನಗೆ ಬರುತ್ತಿರಲಿಲ್ಲ.

ಅವಳು ನನ್ನ ಮುಖ ನೋಡಿದಳು. ಏನರ್ಥವಾಯಿತೋ, ಕಾಯಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಮುಂದೆ ಮಾಡಿದಳು. ಅವಳ ಬೆರಳಿಗೂ ಗಂಟಿಗೂ ನಾಲ್ಕು ಅಂಗುಲವಿತ್ತು.

ಗಾಳಿ ಬಂತು.

ಗಾಳಿ ಎಂದರೆ ನಮ್ಮ ಆಷಾಢದ ಗಾಳಿಯಲ್ಲ. ಆ ಸಮುದ್ರದ್ದೇ ಒಂದು ಗಾಳಿಯಿದೆಯಂತೆ. ಬೂಟಿನ ಲೇಸಿನ ಗಂಟು ಎರಡೂ ಒಟ್ಟಿಗೆ ಬಿಚ್ಚಿದವು. ಕೆಂಪೂ ಬಿಳುಪೂ ಕೂಡಿ ಒಂದು ಮೋಡವಾಗಿ ಮೇಲೆದ್ದು, ನನ್ನ ರೇಷ್ಮೆ ಅಂಗಿ, ಕಾವಲಿನವಳ ಟೋಪಿ, ನಮ್ಮಾಕೆಯ ಕನ್ನಡಕ ಎಲ್ಲವನ್ನೂ ಸವರಿಕೊಂಡು, ಸಮುದ್ರದ ಮೇಲೆ ಹೋಯಿತು. ಬಟ್ಟೆಯ ಚೂರುಗಳೂ ಹೋದವು. ಸುತ್ತ ನಿಂತವರು ಇದು ಭಾರತದ ಏನೋ ದೊಡ್ಡ ವಿಧಿಯೆಂದು ತಿಳಿದು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸೂರ್ಯ ಮುಳುಗಿದ. ನಾನು ನೋಡಲಿಲ್ಲ. ನನ್ನ ಖಾಲಿ ಅಂಗೈಗಳನ್ನು ನೋಡುತ್ತಿದ್ದೆ.

ವಾಪಸು ಬರುವಾಗ ಕಾರಿನಲ್ಲಿ ನಮ್ಮಾಕೆ ಮೆಲ್ಲಗೆ ಪರ್ಸು ತೆಗೆದಳು. “ನನ್ನ ಹತ್ರ ಕುಂಕುಮ ಐತಿ. ಇಂಥದೇ ಒಂದು ಬಟ್ಟಿ ತಗೊಂಡು ಗಂಟು ಕಟ್ಟೂಣು.”

“ನನ್ನ ಹತ್ರ ವಿಭೂತಿ ಐತಿ,” ಎಂದೆ. “ಆ ಹುಡುಗಿ ಮದುವಿ ನಿಂತೈತಿ. ಹೋದಾವ ಹೋದ. ಎಷ್ಟು ದಿನ ಅಂತ ಆಕಿ ಹೊಳಿ ನೋಡ್ಕೋತ ಕುಂದ್ರಬೇಕು?”

“ಆ ಬಳಿ ಮ್ಯಾಲೆ ಆಕಿ ಬದುಕ್ಯಾಳ್ರಿ!”

“ಆ ಬಳಿ ಸಲುವಾಗೇ ಆಕಿನ್ನ ಯಾರೂ ಕರ್ಯಂಗಿಲ್ಲ!”

ಒಂದು ಕಾರು, ಇಬ್ಬರು ಗಂಡ-ಹೆಂಡತಿ, ಒಬ್ಬನ ಜೇಬಿನಲ್ಲಿ ಸಾವು, ಒಬ್ಬಳ ಪರ್ಸಿನಲ್ಲಿ ಬದುಕು. ಥನಾಸಿ ಕಾರು ನಿಲ್ಲಿಸಿ ಏನಾಯಿತೆಂದು ಕೇಳಿದ. ಹೇಳಿದೆವು. ಅವನು ಮೀಸೆ ತೀಡಿದ. ಆಮೇಲೆ ಹಿಂದಿನ ಗುಡ್ಡದ ಕಡೆ ಬೆರಳು ಮಾಡಿದ.

ಬಲು ಹಿಂದೆ ಅವರ ಊರಿನ ಒಬ್ಬ ರಾಜ ಅಲ್ಲಿ ನಿಂತು ದಿನವೂ ಸಮುದ್ರ ನೋಡುತ್ತಿದ್ದನಂತೆ. ಮಗ ರಾಕ್ಷಸನನ್ನು ಕೊಲ್ಲಲು ಕಪ್ಪು ಹಾಯಿಯ ಹಡಗಿನಲ್ಲಿ ಹೋಗಿದ್ದ. ಬದುಕಿ ಬಂದರೆ ಬಿಳಿ ಹಾಯಿ ಕಟ್ಟು ಎಂದು ಅಪ್ಪ ಹೇಳಿ ಕಳಿಸಿದ್ದ. ಮಗ ಗೆದ್ದ. ಗೆದ್ದ ಸಂಭ್ರಮದಲ್ಲಿ ಹಾಯಿ ಬದಲಿಸುವುದನ್ನು ಮರೆತ. ಕಪ್ಪು ಹಾಯಿ ಕಂಡ ಅಪ್ಪ ಆ ಗುಡ್ಡದಿಂದಲೇ ನೀರಿಗೆ ಹಾರಿದ.

“ಮರೆತದ್ದಕ್ಕೆ,” ಎಂದ ಥನಾಸಿ. “ಬರೀ ಮರೆತದ್ದಕ್ಕೆ.”

ನಮ್ಮಾಕೆ ನನ್ನ ಕಡೆ ತಿರುಗಿದಳು. ರಾಮಸಾಗರ ಎಂದು ಬಾಯಿಬಿಟ್ಟು ಹೇಳಲಿಲ್ಲ. ಪರ್ಸು ಮುಚ್ಚಿದಳು. ನಾನೂ ಜೇಬಿನಿಂದ ಕೈ ತೆಗೆದೆ. ಆ ರಾಜಕುಮಾರನಿಗೆ ದಾರಿಯಲ್ಲಿ ಯಾರು ಕಬ್ಬಿನ ಹಾಲು ಕುಡಿಸಿದರೋ ಎಂದು ಹೋಟೆಲು ಮುಟ್ಟುವ ತನಕ ಯೋಚಿಸಿದೆ.

ಊರಿಗೆ ಬಂದ ದಿನ ನಮ್ಮ ಕಟ್ಟೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಹಂಪೇಶನ ಹಾರ, ನನ್ನ ತಾಯಿಯ ಆರತಿ. ಎಲ್ಲಮ್ಮ ದಾರ ಕಟ್ಟಿಕೊಂಡು ಅಲ್ಲೇ ಸೊಂಟ ತಿರುಗಿಸಿ ನೋಡಿದಳು. ಕೆಂಚಣ್ಣ ನಿಜವಾದ ಸಮುದ್ರದ ತೀರ್ಥವನ್ನು ಭಕ್ತಿಯಿಂದ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ.

“ಸಾವಿರ ಕಂಬ ಹೆಂಗದಾವ್ರಿ?”

ಬಾಯಿ ತೆರೆದೆ. ಜನರ ಹಿಂದೆ, ಬೇವಿನ ಗಿಡದ ಕೆಳಗೆ, ಬುಟ್ಟಿಯಿಲ್ಲದೆ ಜಂಬಕ್ಕ ನಿಂತಿದ್ದಳು. ಅವಳ ಪಕ್ಕದಲ್ಲಿ ಉಚ್ಚೆಂಗೆಪ್ಪ. ಅವಳು ಮುಂದೆ ಬಂದು ಸೆರಗೊಡ್ಡಿದಳು. ಬಳೆಗಳು ಒಮ್ಮೆ ಸದ್ದಾದವು.

“ಜಂಬಕ್ಕ,” ಎಂದೆ. “ಅಲ್ಲಿ ದೇವರ ಮೂರ್ತಿ ಇಲ್ಲ, ಗಂಟಿ ಇಲ್ಲ. ಪೂಜಾರಿ ಇಲ್ಲ. ಹದಿನಾರು ಕಂಬ ಅದಾವ, ಅಷ್ಟ. ಕಾವಲಿನಾಕಿ ಮುಂದ ಗಂಟು ಹಿಡದೆ. ಆಕಿ ಎತ್ಕೊಳ್ಳೋದ್ರಾಗ ಗಾಳಿ ಬಂತು. ಎರಡೂ ಹೋದುವು.”

ಹತ್ತು ವರ್ಷದಿಂದ ನಿಂತಿದ್ದ ನಮ್ಮ ಗೋಡೆಯ ಗಡಿಯಾರ ಟಿಕ್ ಎಂದದ್ದು ಕೇಳಿಸಿತು. ಅಷ್ಟು ಮೌನ.

ಉಚ್ಚೆಂಗೆಪ್ಪ ತಡೆಯಲಾರದೆ ಕೇಳಿದ: “ಗಾಳಿ ಎತ್ತಾಗ ಒಯ್ತುರಿ? ಎಡಕ್ಕೋ, ಬಲಕ್ಕೋ?”

ದೇವರ ತಲೆಯಿಂದ ಹೂ ಬಲಕ್ಕೆ ಬಿದ್ದರೆ ಶುಭ, ಎಡಕ್ಕೆ ಬಿದ್ದರೆ ಅಶುಭ. ನಮ್ಮಲ್ಲಿ ಇದು ಹಸುಗೂಸಿಗೂ ಗೊತ್ತು. ಇಡೀ ಓಣಿ ನನ್ನ ಬಾಯನ್ನು ನೋಡಿತು.

“ಎಡಕ್ಕ,” ಎಂದೆ ನಾನು.

“ಬಲಕ್ಕ,” ಎಂದಳು ನಮ್ಮಾಕೆ, ಅದೇ ಗಳಿಗೆಯಲ್ಲಿ.

“ನನ್ನ ಕೈಯಾಗಿಂದ ಹೋತು, ನನಗ ಗೊತ್ತಿಲ್ಲೇನು? ಎಡಕ್ಕ!”

“ನನ್ನ ಕಣ್ಣಮುಂದ ಹೋತು, ಬಲಕ್ಕ! ನಿಮ್ಮ ಎದುರಿಗೇ ನಿಂತು ಫೋಟೊ ತಗೀತಿದ್ದೆ...” ಎಂದವಳು ಅಲ್ಲೇ ತಡೆದಳು. ನಾನೂ ತಡೆದೆ. ಇಬ್ಬರೂ ಎದುರುಬದುರು ನಿಂತಿದ್ದೆವು.

ಮೊದಲು ಕೆಂಚಣ್ಣ ನಕ್ಕ. ಆಮೇಲೆ ಎಲ್ಲಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ನಗಬಾರದೆಂದು ಬಾಯಿಗೆ ಸೆರಗಿಟ್ಟವರು ಸೆರಗಿನೊಳಗೇ ನಕ್ಕರು. ಕೊನೆಗೆ ಜಂಬಕ್ಕನೂ ನಕ್ಕಳು. ನಗುತ್ತ ನಗುತ್ತ ಕಟ್ಟೆಯ ಮೇಲೆ ಕುಳಿತು, ಒಡ್ಡಿದ ಸೆರಗಿನಿಂದಲೇ ಕಣ್ಣು ಒರೆಸಿಕೊಂಡಳು.

“ಕೇಳ್ರಿ ಅಣ್ಣಾರ. ಸುಳ್ಳು ಹೇಳೋದಿದ್ರ ನೀವು ಇದಕ್ಕಿಂತ ಚೊಲೋದು ಹೇಳ್ತಿದ್ರಿ. ಇದು ಖರೇನ ಇರಬೇಕು.” ತನ್ನ ಬಳೆಗಳನ್ನು ಮೇಲೆ ಕೆಳಗೆ ಸರಿಸಿದಳು. “ಪೂಜಾರಿ ಇಲ್ಲ, ಗಂಟಿ ಇಲ್ಲ, ಒಬ್ಬನಽ ನೀರು ನೋಡ್ಕೋತ ಕುಂತಾನಂತ. ನನ್ನಂಗ. ಅವಗೂ ಗೊತ್ತಿಲ್ಲ ಬಿಡ್ರಿ.”

“ಅತ್ತಿಗಿ...” ಎಂದ ಉಚ್ಚೆಂಗೆಪ್ಪ.

“ಉಚ್ಚೆಂಗ್ಯಾ, ಲಕ್ಷ್ಮೀ ಮದುವಿ ಮಾಡು. ಕಾರ್ಯ ಮಾಡಿ ಮದುವಿ ಮಾಡ್ತೀನಿ ಅನಬ್ಯಾಡ. ಹಿರೇರು ಕೇಳಿದ್ರ ನನ್ನ ಹೆಸರು ಹೇಳು. ನಿಮ್ಮಣ್ಣ ಇನ್ನೂ ಬಂದಿಲ್ಲ, ಊಟಕ್ಕ ಅವನ ದಾರಿ ಕಾಯಬ್ಯಾಡ್ರಿ ಅಂತ ಜಂಬಕ್ಕ ಹೇಳ್ಯಾಳ ಅನ್ನು.”

“ಮತ್ತ ಬಳಿ?” ಎಂದಳು ನನ್ನ ತಾಯಿ ಮೆಲ್ಲಗೆ.

“ಇಳಸಬೇಕು ಅನಿಸಿದ ದಿನ ನಾನಽ ಇಳಸ್ತೀನವ್ವ. ಅದನ್ನ ಗಾಳಿಗೇನು ಕೇಳೂದು.”

ಮಾಘದಲ್ಲಿ ಲಕ್ಷ್ಮೀಯ ಮದುವೆಯಾಯಿತು. ಹತ್ತು ಸಾವಿರ ಜನ ಉಂಡರು. ಮುತ್ತೈದೆಯರಿಗೆ ಉಡಿ ತುಂಬುವಾಗ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿರಲು, ನಮ್ಮಾಕೆ ಎದ್ದುಹೋಗಿ ಮೊದಲನೆಯ ಉಡಿಯನ್ನು ಜಂಬಕ್ಕನಿಗೇ ತುಂಬಿದಳು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ನಮ್ಮಾಕೆಯ ಎದುರು ಮಾತಾಡುವ ಧೈರ್ಯ ಕಂಪ್ಲಿಯಲ್ಲಿ ನನಗೇ ಇಲ್ಲ.

ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರು ನನ್ನನ್ನು ಸುತ್ತುವರಿದರು.

“ಸಮುದ್ರಪ್ಪನ ಗುಡಿಗೆ ಹೋಗಿದ್ರಂತಲ್ರಿ? ಭಾಳ ದೊಡ್ಡದಂತ?”

“ದೊಡ್ಡದಂದ್ರ ಏನ್ ಹೇಳ್ತೀರಿ! ನಾಯಿ ಆನಿಯಷ್ಟು ಇರ್ತಾವಲ್ಲಿ. ಗಾಳಿ ಬಂದ್ರ ಹಡಗು ಗುಡ್ಡ ಏರ್ತಾವ.”

“ಕಂಬ ಎಷ್ಟು ಅದಾವ್ರಿ?”

“ಸಾವಿರ...” ಎನ್ನುವಷ್ಟರಲ್ಲಿ ನನ್ನ ಎಲೆಯ ಮೇಲೆ ಒಂದು ಕೈ ಬಾಗಿ ಸಜ್ಜಕ ಬಡಿಸಿತು. ಕೈತುಂಬ ಹಸಿರು ಬಳೆ. ತಲೆಯೆತ್ತಿ ನೋಡಲಿಲ್ಲ.

“ಹದಿನಾರು,” ಎಂದೆ.